ಚಂದ್ರಿಗಿ ಹತ್ತಿದ ತುರಿಕೆ

ಶಹಾಬಾದ
18 ನವೆಂಬರ್ 2024

ಪ್ರೀತಿಯ ದೋಸ್ತ ಸಂಗಣ್ಣಗ,

ನಿನ್ನ ಮಜೀದಸಾಬನ ಸಲಾಮು. ಗುಂಡಮ್ಮ ವೈನಿಗೂ ಹೇಳು. ಮೂರು ಸಲ ಫೋನ್ ಮಾಡಿದಿ, ನಾ ಎತ್ತಲಿಲ್ಲ. ಸಿಟ್ಟಾಗಬ್ಯಾಡ. ಬಾಯಿಲೆ ಹೇಳೋದು ಆಗಲಿಲ್ಲ, ಅದಕ್ಕೇ ತಡಾ ಮಾಡಿ ಕಾಗದ ಬರಿಲಿಕತ್ತೀನಿ. ನಿಮ್ಮ ಕುರಕುಂಟಾದಾಗ ಈ ಸಲ ತೊಗರಿ ಚಲೋ ಹೂ ಹಿಡದಾವಂತ ಸಂತಿಗಿ ಬಂದವರಿಂದ ಕೇಳಿ ಸಂತೋಷ ಆಯ್ತು.

ಚಂದ್ರಿ ಸುದ್ದಿ ಬರೀಬೇಕು. ತಾಯಿ ಸತ್ತ ಮರಿಗಿ ಆಡಿನ ಹಾಲು ಕುಡಿಸಿ ಬೆಳೆಸಿ, ಮದುವಿ ಮೆರವಣಿಗಿಗಿ ಚಲೋ ಕುದುರಿ ಆಗ್ತಾಳ ಅಂತ ನನ್ನ ಕೈಯಾಗ ಹಗ್ಗ ಕೊಟ್ಟಿದ್ದಿ. ನಾಕು ವರ್ಷ ಹಂಗೇ ಇದ್ದಳು, ಹಾಲಿನಂಥ ಬಿಳಿ ಮೈ. ಈ ಮಳಿಗಾಲದಾಗ ಅಕಿಗಿ ತುರಿಕೆ ಹತ್ತಿತು. ಗ್ವಾಡಿಗಿ, ಕಂಬಕ್ಕ ತಿಕ್ಕಿ ತಿಕ್ಕಿ ಬಾಲದ ಕೂದಲು ಉದುರಿತು, ಕುತ್ತಿಗಿ ಮ್ಯಾಗ ರಕ್ತ ಬಂತು. ಬೇವಿನೆಣ್ಣಿ ಹಚ್ಚಿದೆ. ಇನ್ನಷ್ಟು ತಿಕ್ಕಿದಳು.

ಚಿತ್ತಾಪುರದಿಂದ ದನದ ಡಾಕ್ಟರಮ್ಮ ಭುವನೇಶ್ವರಿ ಬಂದು ನೋಡಿದರು. ಇದು ಯಾರಿಗೂ ಅಂಟಂಗಿಲ್ಲ ಅಂದರು. ಕಂಡೂ ಕಾಣದಷ್ಟು ಸಣ್ಣ ನುಸಿ ಕಡಿತಾವ, ಅದರ ಜೊಲ್ಲು ಅಕಿ ಮೈಗಿ ಆಗಂಗಿಲ್ಲಂತ. ಪೂರ್ತಿ ವಾಸಿ ಆಗಂಗಿಲ್ಲ, ಮಳಿಗಾಲಕ್ಕೊಮ್ಮೆ ಬರ್ತದ, ಕಡಿಸದಂಗ ಕಾಯಬೇಕಷ್ಟೇ. ನಮ್ಮ ಮನಿ ಹಿಂದಿನ ಹಳಿ ಫರಸಿ ಕಲ್ಲಿನ ಖಣಿಯಾಗ ನೀರು ನಿಂತದಲ್ಲ, ನುಸಿ ಹುಟ್ಟೋದು ಅಲ್ಲೇ. ಹೊತ್ತಿಳಿಯೋದ್ರಾಗ ಒಳಗ ಕಟ್ಟು, ಬಾಗಿಲಿಗಿ ಸಣ್ಣ ಜಾಳಿಗಿ ಹಾಕು, ಪಂಖಾ ಹಚ್ಚು, ಮೈತುಂಬ ಬಟ್ಟಿ ಹೊಚ್ಚು ಅಂದರು. ನನ್ನ ಹೆಂಡತಿ ಸಾಯಿರಾ ತನ್ನ ಹತ್ತಿ ಸೀರಿ ಹರಿದು ಕುದುರಿಗಿ ಅಂಗಿ ಹೊಲಿದಳು. ತಿಂಗಳದಾಗ ಗಾಯ ಒಣಗಿದವು.

ಆಗ ವಾಡಿಯಿಂದ ಮದುವಿಗಿ ಕರೀಲಿಕ್ಕ ಬಂದರು. ಮೆರವಣಿಗಿ ಸಂಜಿಗಿ. ಬ್ಯಾಡ ಅಂದಳು ಸಾಯಿರಾ. ಒಂದೇ ಸಂಜಿ ಅಲ್ಲೇನು ಅಂತ ನಾ ಅಂಗಿ ಬಿಚ್ಚಿ, ಜರಿ ಜೀನು ಬಿಗಿದು ಕರಕೊಂಡು ಹೋದೆ. ಲೈಟಿಗಿ ನುಸಿ ಮುತ್ತಿದವು. ಚಂದ್ರಿ ನಡುರಸ್ತೆದಾಗ ಬಿದ್ದು ಹೊರಳಿದಳು. ಮದುಮಗನ ತೋಳು ಮುರೀತು.

ಅವತ್ತಿಂದ ಯಾರೂ ಕರೀಲಿಲ್ಲ. ಗಾಯ ಮತ್ತ ಬಿಚ್ಚಿ ಹುಳ ಬಿದ್ದವು. ಓಣಿಯವರು, ಮಕ್ಕಳಿಗಿ ಹತ್ತತದ, ಕುದುರಿ ಸಾಗಿಸು ಅಂತ ದಿನಾ ಬಾಗಿಲಿಗಿ ಬಂದರು. ಡಾಕ್ಟರಮ್ಮನ ಮಾತು ಹೇಳಿದೆ. ಯಾರೂ ಕೇಳಲಿಲ್ಲ.

ದೀಪಾವಳಿ ಆದ ಮೂರನೇ ದಿನ ಚಂದ್ರಿ ಹೋದಳು. ಸಾಯಿರಾ ತವರಿಗಿ ಹೋಗಿದ್ದಳು. ಬಂದಾಕಿ ಎರಡು ದಿನ ಉಣ್ಣಲಿಲ್ಲ. ಖಾಲಿ ಕೊಟ್ಟಿಗಿ ಕಸ ಇನ್ನೂ ಹೊಡಿಲಿಕತ್ತಾಳ. "ಇಷ್ಟು ದಿನ ತಡದಾಕಿ, ಚಳಿ ಬಿದ್ದಿದ್ರ ನುಸಿ ಹೋಗ್ತಿದ್ದವು" ಅಂತಾಳ. ಅವಳ ಎದುರು ಕುಂತು ರೊಟ್ಟಿ ತಿನ್ನೋದು ನಂಗ ಆಗವಲ್ದು.

ನಿನ್ನ ಮನಿ ಮಂದಿಗಿ, ದನಕರಕ್ಕ ಆ ಮಾಲಿಕ ಆರೋಗ್ಯ ಕೊಡಲಿ.

ನಿನ್ನ
ಮಜೀದಸಾಬ

ತಾ.ಕ.: ಸಂಗಣ್ಣ, ಚಂದ್ರಿ ಸತ್ತಿಲ್ಲ. ಸಾಯಿರಾಗೂ ಸುಳ್ಳೇ ಹೇಳೀನಿ. ಟೆಂಪೋದಾಗ ಹೇರಿಕೊಂಡು ಚಿಂಚೋಳಿ ದಾಟಿ ಕುಂಚಾವರಂ ಅಡವಿ ಬಲ್ಲಿ ಬಿಟ್ಟು ಬಂದೀನಿ. ಹಗ್ಗ ಬಿಚ್ಚಿದರೂ ಅಕಿ ಹೋಗಲಿಲ್ಲ. ತುರಿಸು ಅಂತ ಕುತ್ತಿಗಿ ತಂದು ನನ್ನ ಹೆಗಲಿಗಿ ಹಚ್ಚಿದಳು. ತುರಿಸಿದೆ. ಆಮ್ಯಾಲ ಟೆಂಪೋ ಹತ್ತಿದೆ. ನಾಕನೇ ದಿನ ತಡಿಲಾರದೆ ಮತ್ತ ಹೋದೆ. ಕಟ್ಟಿಗಿ ಆರಿಸೋ ಹೆಣ್ಣುಮಗಳೊಬ್ಬಳು ತೆಲುಗಿನಾಗ ಹೇಳಿದಳು: "ಬಿಳಿ ಕುದುರಿ ಎರಡು ದಿನ ರಸ್ತೆ ಬಿಟ್ಟು ಕದಲಲಿಲ್ಲ. ಟೆಂಪೋ ಬಂದಾಗೆಲ್ಲ ಹಿಂದ ಓಡ್ತಿತ್ತು. ಈಗ ಕಾಣವಲ್ದು." ಹೊತ್ತು ಮುಳುಗೋತನಕ ಹೆಸರು ಹಿಡಿದು ಕರದೆ. ಬರಲಿಲ್ಲ.