ಮಾಡಿನಡಿಯ ಸಂದಿಗೆ ನಿಮ್ಮ ಪಂಚೆಗಳು

ಅಪ್ಪಾ,

ನಿಮ್ಮ ಪೆಟ್ಟಿಗೆ ತೆಗೆದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ನಾನು ಎಂ.ಎ. ಪರೀಕ್ಷೆಗೆ ಓದುತ್ತಿದ್ದಾಗ ನೀವು ಚೆಂಡೆಯನ್ನು ಮೊಳೆಗೆ ತೂಗಿಹಾಕಿ, ಮಡಚಿದ ಗೋಣಿಯ ಮೇಲೆ ಕೋಲು ಆಡಿಸುತ್ತಿದ್ದಿರಿ. "ನೀನು ಓದು ಮಗಾ, ನನಗೆ ಒಳಗೆ ಕೇಳ್ತದೆ" ಎನ್ನುತ್ತಿದ್ದಿರಿ. ನೀವು ಹೋದ ಮೇಲೆ, ನನ್ನ ನಲವತ್ತೇಳನೇ ವಯಸ್ಸಿನಲ್ಲಿ, ಆ ಕೋಲು ಹಿಡಿದು ಕಲಿಯತೊಡಗಿದೆ. ಗೋಣಿಯ ಮೇಲೂ ಬಾರಿಸಿ ನೋಡಿದೆ. ನನಗೇನೂ ಕೇಳಿಸಲಿಲ್ಲ. ನಿಮಗೆ ಕೇಳುತ್ತಿದ್ದದ್ದು...

ಪಕ್ಕದ ಮನೆಯ ಐಸಮ್ಮನ ನೆನಪುಂಟಲ್ಲ? ಅವರ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಒಂದು ಸಂಜೆ ಐಸಮ್ಮ ಕಾಂಪೌಂಡಿನ ಆಚೆ ನಿಂತು, "ಟೀಚರೇ, ನಿಲ್ಲಿಸಿ ಅಂತ ಹೇಳುದಲ್ಲ. ಮಗು ಬೆಚ್ಚಿ ಬೀಳ್ತದೆ. ಎಂತಾದ್ರೂ ಮಾಡ್ಲಿಕ್ಕೆ ಉಂಟಾ?" ಎಂದರು. ಬಾರಿಸುವುದು ಬಿಟ್ಟರೆ ನಿಮ್ಮ ಚೆಂಡೆ ಮತ್ತೆ ಮೊಳೆಗೇರುತ್ತದೆ. ಈ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಕೈ ಮತ್ತೆ ಕೂಡಿಬರುತ್ತದೆಯೇ?

ಪುತ್ತೂರು ಪೇಟೆಯಿಂದ ಮೊಟ್ಟೆಯ ಖಾಲಿ ಟ್ರೇಗಳನ್ನು ತಂದು ನಾಲ್ಕೂ ಗೋಡೆಗೆ ಅಂಟಿಸಿದೆ. ಕೋಣೆಯೊಳಗಿನ ಮಾರ್ದನಿ ತಗ್ಗಿತು, ಗೆದ್ದೆ ಅಂದುಕೊಂಡೆ. ನಾನು ಒಳಗೆ ಬಾರಿಸುತ್ತಿದ್ದಂತೆ ಐಸಮ್ಮ ಹೊರಗೆ ಒಂದು ಸುತ್ತು ಬಂದು ನಕ್ಕರು. "ನೀವು ಗೋಡೆಗೆ ಅಂಗಿ ಹೊಲ್ಸಿದ್ದೀರಿ, ಸದ್ದು ಬರುದು ಮಾಡಿನಡಿಯಿಂದ ಮಾರಾಯ್ರೆ!" ಗೋಡೆ ಮುಗಿದು ಹೆಂಚು ಶುರುವಾಗುವಲ್ಲಿ ಗೇಣಗಲದ ಸಂದಿ. ಸೆಕೆಗೆಂದು ನೀವೇ ಬಿಡಿಸಿದ್ದಲ್ಲವೇ?

ಅದನ್ನು ಮುಚ್ಚಲು ಹಳೆ ಬಟ್ಟೆ ತುಂಬಿದ ಗೋಣಿಗಳು ಬೇಕಿದ್ದವು. ಅಷ್ಟು ಬಟ್ಟೆ ಇದ್ದದ್ದು ನಿಮ್ಮ ಪೆಟ್ಟಿಗೆಯಲ್ಲಿ ಮಾತ್ರ. ಮೂರು ವರ್ಷ ಯಾರಿಗೂ ಕೊಡಲಾಗದೆ ಇಟ್ಟಿದ್ದೆ. ಪಂಚೆಗಳು, ಶಾಲು, ಚೆಂಡೆಯ ಪಟ್ಟಿ ಉಜ್ಜಿ ಹೆಗಲು ಸವೆದ ಅಂಗಿಗಳು... ತುರುಕಬೇಕಾದಲ್ಲಿ ಒಂದೊಂದನ್ನೂ ಮಡಚಿ ಮಡಚಿ ಇಟ್ಟೆ. ಐಸಮ್ಮ ಏಣಿ ಹಿಡಿದುಕೊಂಡೇ ಇದ್ದರು, ಬೇಗ ಮಾಡಿ ಎನ್ನಲಿಲ್ಲ.

ಸದ್ದು ಪೂರಾ ನಿಂತಿಲ್ಲ, ಆದರೆ ಮಗು ನಿದ್ದೆ ಮಾಡುತ್ತದೆ. ನಿಮ್ಮ ನೀಲಿ ಗೆರೆಯ ಅಂಗಿಯೊಂದನ್ನು ಮಾತ್ರ ಗೋಣಿಗೆ ತುಂಬಲು ಮನಸ್ಸು ಬರಲಿಲ್ಲ. ರಸ್ತೆ ಬದಿಯ ಮೂಲೆಯಲ್ಲಿ ಅಷ್ಟು ಸಂದಿ ಹಾಗೇ ಉಳಿದಿದೆ. ಅಳುಕುತ್ತ ಐಸಮ್ಮನಿಗೆ ಹೇಳಿದೆ. "ಇರ್ಲಿ ಬಿಡಿ ಟೀಚರೇ, ಅಪ್ಪನದ್ದು ಅಷ್ಟಾದ್ರೂ ಹೊರಗೆ ಕೇಳ್ಲಿ" ಎಂದರು.

ನೀವು ಗೋಣಿಯ ಮೇಲೆ ಆಡಿಸುತ್ತಿದ್ದ ಆ ಮೊದಲ ಪಾಠವನ್ನು ನಿನ್ನೆ ಒಮ್ಮೆಯೂ ತಪ್ಪದೆ ಮುಗಿಸಿದೆ, ಅಪ್ಪಾ. ಆ ಮೂಲೆಗೆ ಮುಖ ಮಾಡಿ ನಿಂತಿದ್ದೆ. ಇನ್ನು ಮುಂದೆಯೂ ಅಲ್ಲೇ ನಿಲ್ಲುತ್ತೇನೆ.

ನಿಮ್ಮ ಮಗಳು