ಮರ ಒಲ್ಲೆ ಅನ್ನಲಿಲ್ಲ, ಕುಯಾ

ಸಗಾಡದ ಬೆಟ್ಟದಿಂದ,
ಜನವರಿಯ ಚಳಿಯಲ್ಲಿ

ನನ್ನ ಅಣ್ಣ, ಕುಯಾ ಸೆಲ್ಸೋನಿಗೆ, ಒಡಹುಟ್ಟಿದ ತಮ್ಮ ರುಫೀನೋ ಬರೆಯುವುದು.

ಕ್ಷೇಮ ವಿಚಾರ ಆಮೇಲೆ. ಮೊದಲು ಸಿಟ್ಟು ತೀರಲಿ. ಅಣ್ಣನಿಗೆ ಎದುರು ಮಾತಾಡಬಾರದು ಎಂದು ಅಮ್ಮ ಕಲಿಸಿದ್ದಳು. ಎದುರು ಬರೆಯಬಾರದು ಎಂದು ಕಲಿಸಿರಲಿಲ್ಲ.

ಮದುವೆಯಾಗಿ ನಾನು ಹೆಂಡತಿಯ ಊರಿಗೆ ಹೊರಟಾಗ ಅಪ್ಪನ ಚೈನ್ ಗರಗಸವನ್ನು ನೀನೇ ನನ್ನ ಹೆಗಲಿಗೇರಿಸಿದೆ. "ಎಣ್ಣೆ ತುಂಬ್ಸಿದೀನಿ ಕಣೋ. ಅಂಗಡೀದಲ್ಲ, ನಮ್ಮ ಗಾಣದ್ದು. ಚೈನು ಬೆಣ್ಣೆ ಥರ ಓಡುತ್ತೆ" ಅಂದೆ. ನಮ್ಮ ಕಡಲ ದಂಡೆಯಲ್ಲಿ ಎಲ್ಲರೂ ಚೈನಿಗೆ ಕುಡಿಸುವುದು ತೆಂಗಿನೆಣ್ಣೆಯನ್ನೇ. ಅಲ್ಲಿಯವರೆಗೆ ನಿನ್ನ ಮೇಲೆ ನನ್ನದೇನೂ ದೂರಿಲ್ಲ.

ಇಲ್ಲಿ ಕಂಡ ಪೈನ್ ಮರಕ್ಕೆಲ್ಲ ಗರಗಸ ಹಾಕುವಂತಿಲ್ಲ. ಒಂದೊಂದು ತೋಪಿಗೂ ಒಂದೊಂದು ಮನೆತನವಿದೆ. ಮಾವ ಲಕಾಯ್ ಕಿಲ್ಲಿಪ್ ತಮ್ಮ ಅಜ್ಜ ಕಾದುಕೊಂಡ ತೋಪಿನಲ್ಲಿ ಒಂದು ಮರದ ಬೆನ್ನು ತಟ್ಟಿ, "ಇದು ನಿಮ್ಮ ಮನೆ ಕಂಬಕ್ಕೆ" ಎಂದರು. ಕೆಳನಾಡಿನ ಅಳಿಯನಿಗೆ ಮರ ಕೊಡುವುದೆಂದರೆ ಊರಲ್ಲಿ ಬೇರು ಬಿಡಲು ಜಾಗ ಕೊಟ್ಟ ಹಾಗೆ. ನನ್ನ ರೋಸ್ಲಿ ಬಸುರಿ. ಮಗು ಸ್ವಂತ ಸೂರಿನಡಿ ಕಣ್ಣು ಬಿಡಲಿ ಎಂಬುದೊಂದೇ ಅವಳ ಹಂಬಲ.

ಮಂಜು ಇನ್ನೂ ನೆಲ ಬಿಡದ ಹೊತ್ತಿನಲ್ಲಿ ಮರಕ್ಕೆ ಗರಗಸ ಇಟ್ಟೆ. ತೊಗಟೆ ದಾಟಿತೋ ಇಲ್ಲವೋ, ಹೊಗೆ. ಚೈನು ಕೆಂಡದಂತೆ ಕಾದು ಕಿರುಚಿಕೊಂಡಿತು. ಒಂದು ತೊಟ್ಟು ಎಣ್ಣೆಯೂ ಅದಕ್ಕೆ ಇಳಿದಿರಲಿಲ್ಲ. ಮನೆಗೆ ತಂದು ಒಲೆಯ ಪಕ್ಕ ಕೂತು ಬಿಚ್ಚಿದೆ. ಚೈನ್ ಓಡುವ ಪಟ್ಟಿಯ ಸಂದಿನಿಂದ ಹೊಟ್ಟು ಕೆರೆದೆ, ಎಣ್ಣೆ ಬರುವ ತೂತಿಗೆ ತಂತಿ ಆಡಿಸಿದೆ. ಜೋಡಿಸಿ, ಪಟ್ಟಿಯ ತುದಿಯನ್ನು ಬಿಳಿ ರಟ್ಟಿನ ಎದುರು ಹಿಡಿದು ಚಾಲೂ ಮಾಡಿದರೆ, ರಟ್ಟಿನ ಮೇಲೆ ಅಚ್ಚುಕಟ್ಟಾಗಿ ಎಣ್ಣೆಯ ಗೆರೆ ಬಿತ್ತು. ಸರಿಹೋಯಿತೆಂದು ಹಿಗ್ಗಿದೆ.

ಮರುದಿನ ಬೆಳಿಗ್ಗೆ ಅದೇ ಮರ, ಅದೇ ಹೊಗೆ.

ಮನೆಯಲ್ಲಿ ಸರಿ, ಮರದ ಬುಡದಲ್ಲಿ ಇಲ್ಲ. ಇದಕ್ಕೆ ಈ ಊರಿನವರು ಏನನ್ನಬೇಕು ಹೇಳು. ಕಡಿಯಲು ಹೋದಾಗ ಹಕ್ಕಿ ಅಡ್ಡ ಕೂಗಿದರೂ ಕೊಡಲಿ ಇಳಿಸಿ ಮನೆಗೆ ಬರುವ ಜನ ಇವರು. ಮಾವ ನನ್ನ ಮುಖ ನೋಡಲಿಲ್ಲ. "ಎರಡ್ ಸಲ ಹೇಳ್ತು. ಮರಕ್ಕೆ ಮನಸ್ಸಿಲ್ಲ ಮಗಾ" ಅಂದರು. ಹಿರಿಯರು ಕೂರುವ ಕಲ್ಲುಕಟ್ಟೆಯಲ್ಲೂ ಅದೇ ಮಾತು ಹೇಳಿಬಿಟ್ಟರು. ಅಲ್ಲಿ ಆಡಿದ ಮಾತು ಹಾಗೆಲ್ಲ ಹಿಂದಕ್ಕೆ ಬರುವುದಿಲ್ಲ. ರೋಸ್ಲಿ ಅಂದು ಉಣ್ಣಲಿಲ್ಲ.

ಮೂರನೆಯ ಬೆಳಿಗ್ಗೆ ಗರಗಸ ಹೊತ್ತು ಮತ್ತೆ ಹೊರಟೆ. ಮಾವ ಬೈಯುತ್ತಲೇ ಹಿಂದೆ ಬಂದರು, ಭಾವಮೈದ ಮಕ್ಲಾಯ್ ನಗುತ್ತ ಬಂದ. ಮರದ ಬುಡದಲ್ಲೇ ಎಣ್ಣೆಯ ಮುಚ್ಚಳ ತಿರುವಿದೆ. ಒಳಗೆಲ್ಲ ಬೆಳ್ಳಗೆ, ಗಟ್ಟಿಯಾಗಿ ಕೂತಿತ್ತು. ಮಕ್ಲಾಯ್ ಇಣುಕಿ, "ಏನ್ ಭಾವ, ಹಂದಿ ಕೊಬ್ಬು ತುಂಬ್ಕೊಂಡ್ ಬಂದಿದೀಯಾ? ಮಧ್ಯಾಹ್ನದ ಅಡುಗೆಗಾ?" ಎಂದ.

ಇವರು ತೆಂಗಿನ ಮರವನ್ನೇ ಕಾಣದವರು. ನಾನೋ, ಆ ಎಣ್ಣೆ ಕಲ್ಲಾದದ್ದನ್ನೇ ಕಾಣದವನು. ನಂಬಿಸಲು ನಿನಗೆ ಫೋನು ಹಚ್ಚಿದೆ, ಎಲ್ಲರಿಗೂ ಕೇಳುವ ಹಾಗೆ. ನೀನು ಹೇಳಬೇಕಾಗಿದ್ದದ್ದು ಒಂದೇ ಮಾತು: "ಅದು ತೆಂಗಿನೆಣ್ಣೆ, ಚಳಿಗೆ ಹೆಪ್ಪುಗಟ್ಟಿರಬಹುದು." ನೀನು ಹೇಳಿದ್ದೇನು? "ಎಣ್ಣೆ ಗಟ್ಟಿಯಾಗೋದಾ? ಬೆಳಿಗ್ಗೆನೇ ಹಾಕೊಂಡಿದೀಯೇನೋ? ಅಪ್ಪನ ಗರಗಸ ಒಂದು ದಿನಾನೂ ಕೈ ಕೊಟ್ಟಿಲ್ಲ. ಏನಾದ್ರೂ ಐಬಿದ್ರೆ ನಿನ್ನ ಕೈಯಲ್ಲಿ, ಇಲ್ಲ ಆ ಬೆಟ್ಟದವರ ಮರದಲ್ಲಿ." ಹಿಂದೆ ಯಾರೋ ನಕ್ಕರು. ನೀನೂ ನಕ್ಕು ಫೋನಿಟ್ಟೆ.

ನನ್ನ ಮನೆಯನ್ನು ನೀನು ಆ ನಗುವಿನಲ್ಲಿ ಕೆಡವಿದೆ, ಕುಯಾ. ಕಟ್ಟುವ ಮೊದಲೇ. ನಿನಗೆ ತಿಳಿದಿರಲಿಲ್ಲ, ಒಪ್ಪುತ್ತೇನೆ. ಆದರೆ ತಿಳಿಯದ್ದು ಲೋಕದಲ್ಲೇ ಇಲ್ಲ ಅನ್ನುವ ಹಾಗೆ ಮಾತಾಡುವ ಹಕ್ಕು ನಿನಗೆ ಯಾರು ಕೊಟ್ಟರು? ಮೊದಲು ಹುಟ್ಟಿದ್ದಕ್ಕೆ ಸಿಕ್ಕಿತೇನು ಅದು?

ಮಾವ ಏನು ಮಾಡಿದರು ಕೇಳು. ಬೆರಳು ಹಾಕಿ ಆ ಬಿಳಿ ಮುದ್ದೆ ಒಂದಿಷ್ಟು ತೆಗೆದು ಅಂಗೈಯಲ್ಲಿಟ್ಟು ಮುಷ್ಟಿ ಬಿಗಿದರು. ಸ್ವಲ್ಪ ಹೊತ್ತಿಗೆ ಬೆರಳ ಸಂದಿಯಿಂದ ಎಣ್ಣೆ ಮಣಿಕಟ್ಟಿಗೆ ಇಳಿಯಿತು, ಮನೆಯಲ್ಲಿ ಒಲೆಯ ಬಿಸಿಗೆ ಕರಗಿ ಇಳಿದ ಹಾಗೆಯೇ. ಮೂಸಿದರು. ನೇರ ಕಲ್ಲುಕಟ್ಟೆಗೆ ನಡೆದರು. ಆ ಎಣ್ಣೆಗೈಯನ್ನು ಹಿರಿಯರಿಗೆಲ್ಲ ತೋರಿಸಿ, "ಮರ ಏನೂ ಹೇಳಿರ್ಲಿಲ್ಲ. ಅದರ ಬಾಯಿಗೆ ಮಾತು ಇಟ್ಟೋನು ನಾನು. ಅಳಿಯನ ಮರ ಅಳಿಯಂದೇ" ಎಂದರು. ಎಪ್ಪತ್ತು ದಾಟಿದ ಮನುಷ್ಯ, ಊರಿನ ಎದುರು ತನ್ನ ಮಾತನ್ನು ತಾನೇ ನುಂಗಿಕೊಂಡರು. ನಾನು ಅವರ ರಕ್ತವಲ್ಲ. ನಿನ್ನ ರಕ್ತ.

ಎಣ್ಣೆಯನ್ನೆಲ್ಲ ಬೆಂಕಿಗೆ ಕಾಸಿ ಬಸಿದೆ, ಸೀಮೆಎಣ್ಣೆಯಲ್ಲಿ ತೊಳೆದೆ. ಜೀಪ್ನಿ ಓಡಿಸುವವನಿಂದ ಇಂಜಿನ್ ಆಯಿಲ್ ಬೇಡಿ ತಂದು ತುಂಬಿದೆ. ಮರ ಒಂದೇ ಸಲಕ್ಕೆ, ತೋರಿಸಿದ ಕಡೆಗೇ ಬಿತ್ತು. ಕಂಬಗಳು ನಿಂತಿವೆ. ಅಪ್ಪನ ಗರಗಸ ವಾಪಸ್ಸು ಕಳಿಸೆಂದು ಊರವರ ಕೈಲಿ ಹೇಳಿಕಳಿಸಿದ್ದೀಯಂತೆ. ಕಳಿಸುವುದಿಲ್ಲ.

ಕಂಬ ನೆಟ್ಟ ದಿನ ಹಂದಿ ಕೊಯ್ದರು. ಇಲ್ಲಿ ನೆಂಟರಿಗೆಲ್ಲ ಒಂದೊಂದು ಪಾಲು ಮಾಂಸ ತೆಗೆದಿಡಬೇಕು, ಬಂದವರಿಗೂ ಬಾರದವರಿಗೂ. ಮಾವ ನಿನ್ನ ಹೆಸರು ಹೇಳಿ ಒಂದು ಪಾಲು ತೆಗೆದರು. ನಾಯಿಗೆ ಹಾಕಿ ಎಂದೆ. "ಜಗಳ ನಿಂದು. ಪಾಲು ಅವಂದು" ಎಂದು ಉಪ್ಪು ಸವರಿ ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದಾರೆ. ದಿನವೂ ನನ್ನ ತಲೆಗೆ ತಾಗುತ್ತದೆ. ಬಾ. ಆ ಮುದುಕರ ಎದುರು ಕೂತು, "ನಾನಂದದ್ದು ತಪ್ಪು" ಅಂತ ಒಂದು ಮಾತು ಹೇಳು. ಹೇಳಿ ನಿನ್ನ ಪಾಲು ಉಣ್ಣು. ಅಲ್ಲಿಯವರೆಗೆ ನಾನು ಫೋನು ಎತ್ತುವುದಿಲ್ಲ.

ರೋಸ್ಲಿ ಚೆನ್ನಾಗಿದ್ದಾಳೆ. ನಿನ್ನ ಹೆಂಡತಿ ಮಕ್ಕಳನ್ನು ದೇವರು ತಣ್ಣಗಿಟ್ಟಿರಲಿ. ನಿನ್ನನ್ನೂ ಇಟ್ಟಿರಲಿ, ಬಂದು ಹೋಗುವಷ್ಟು ಕಾಲವಾದರೂ.

ಇನ್ನೂ ಸಿಟ್ಟಿನಲ್ಲಿರುವ,
ನಿನ್ನ ತಮ್ಮ ರುಫೀನೋ