ಮನೆ ಮುಂದಿನ ತಿರುವು

ಯೂಕಾನ್ ನದಿ ದಂಡೆ,
ಮಾರ್ಚ್ 11, 1996

ಪ್ರೀತಿಯ ಕ್ಲೆಮೆಂಟ್,

ಸೊಂಟದ ನೋವು ಹೇಗಿದೆ? ನರ್ಸ್ ಹೇಳಿದಂತೆ ಕೋಲು ಹಿಡಿದು ನಡೆಯುತ್ತಿದ್ದೀರಾ, ಇಲ್ಲ ನನಗೇನಾಗಿದೆ ಎಂದು ಜಗಳ ಕಾಯುತ್ತಿದ್ದೀರಾ? ಆಂಕರೇಜ್ ಆಸ್ಪತ್ರೆಯ ಊಟ ನಿಮಗೆ ಸೇರುವುದಿಲ್ಲವೆಂದು ಗೊತ್ತು. ಒಣಗಿಸಿದ ಸಾಲ್ಮನ್ ಮೀನು ಕಟ್ಟಿ ಕಳಿಸಿದ್ದೇನೆ, ಪಕ್ಕದ ಮಂಚದವರಿಗೂ ಕೊಡಿ. ಫೋನಿನಲ್ಲಿ ನಿಮಗೆ ಅರ್ಧಂಬರ್ಧ ಕೇಳಿಸುತ್ತದೆ, ಈ ಸುದ್ದಿಯನ್ನು ಹಾಗೆ ಕೇಳಿಸಿಕೊಳ್ಳಲು ನಾನು ಬಿಡುವುದಿಲ್ಲ. ಕನ್ನಡಕ ಏರಿಸಿ ಓದಿ: ನಿಮ್ಮ ಮಗಳು ಲೆನೋರಾ ಇವತ್ತು ಬೆಳಿಗ್ಗೆ ನಾಯಿಬಂಡಿಯಲ್ಲಿ ನಮ್ಮ ಮನೆ ದಾಟಿ ಹೋದಳು!

ನಿಮ್ಮಪ್ಪ ನಾಯಿಬಂಡಿಯಲ್ಲಿ ಟಪಾಲು ಹೊತ್ತು ಓಡಾಡಿದ ದಾರಿಯೇ ಅಲ್ಲವೇ ಇದು. ಆಮೇಲೆ ಟಪಾಲು ವಿಮಾನ ಹತ್ತಿತು, ಮನೆಮನೆಗೆ ಹಿಮದ ಮೇಲೆ ಓಡುವ ಮೋಟಾರು ಬಂಡಿ ಬಂತು, ನಾಯಿಗಳಿಗೆ ಮೀನು ಯಾಕೆ ದಂಡ ಎಂದು ಜನ ಸಾಕುವುದನ್ನೇ ಬಿಟ್ಟರು. ಊರಿನಲ್ಲಿ ಬೊಗಳುವ ಸದ್ದೇ ಅಡಗಿಹೋಗಿತ್ತು. ಬಂಡಿನಾಯಿಗಳು ಪೂರ್ತಿ ಕಾಣೆಯಾಗದಿರಲಿ ಎಂದು ಈ ಸಾವಿರ ಮೈಲಿಯ ಓಟ ಹೂಡಿದಾಗ ಮೊದಲ ವರ್ಷವೇ ನೀವು ಹೊರಟಿರಿ. ಎಷ್ಟು ಚೆನ್ನಾಗಿ ಬಂದಿರಿ, ನಮ್ಮ ಮನೆಯವರೆಗೆ. ಅಲ್ಲಿ ನಾಯಿಗಳು ದಾರಿ ಬಿಟ್ಟು ಅಂಗಳಕ್ಕೆ ತಿರುಗಿ, ತಂತಮ್ಮ ಗೂಡಿನ ಮುಂದೆ ಮುದುರಿ ಮಲಗಿದವು. ಎಬ್ಬಿಸಿದರೂ ಏಳಲಿಲ್ಲ, ನೀವು ಓಟ ಬಿಟ್ಟಿರಿ. ಅಂದಿನಿಂದ ಪಕ್ಕದ ಮನೆಯ ಮುದುಕ ಆಗಸ್ಟಿನ್ ಸಿಕ್ಕಾಗಲೆಲ್ಲ "ಏನಪ್ಪಾ, ಇವತ್ತಾದ್ರೂ ಮನೆ ದಾಟ್ತೀಯಾ?" ಎಂದು ಕೆಣಕುವುದು, ನೀವು "ಹಾಳು ನಾಯಿಗಳು" ಎಂದು ಗೊಣಗುವುದು ನಡೆದೇ ಇದೆ.

ಮೊನ್ನೆ ಲೆನೋರಾ ಓಟದ ಹಿಂದಿನ ತಂಗುದಾಣದಿಂದ ಫೋನ್ ಮಾಡಿದ್ದಳು. "ಅಮ್ಮಾ, ಇವೆಲ್ಲ ನಮ್ಮ ಅಂಗಳದಲ್ಲೇ ಹುಟ್ಟಿದ ನಾಯಿಗಳು. ನೀನು ಕಣ್ಣಿಗೆ ಬಿದ್ರೆ ಮುಗೀತು. ಹೊರಗೆ ಬರಬೇಡ, ಕೂಗಲೂ ಬೇಡ" ಎಂದಳು. ಊರಿಗೆಲ್ಲ ಹೇಳಿ ಬಂದೆ. ಯಾರ ಬಂಡಿ ಬಂದರೂ ದಂಡೆಗೆ ಓಡಿ ಕೇಕೆ ಹಾಕುವ ನಮ್ಮ ಜನ ಇವತ್ತು ಬಾಗಿಲು ಹಾಕಿಕೊಂಡು ಕೂತರು. ಮನೆಯಲ್ಲುಳಿದ ನಾಯಿಗಳನ್ನು ಆಗಸ್ಟಿನ್ ನದಿಯಾಚೆ ಕಟ್ಟಿ ಬಂದ. ಬಂಡಿಯವು ವಾಸನೆ ಹಿಡಿದು ತಿರುಗದಿರಲೆಂದು, ನಾಯಿಗಳಿಗೆ ಮೀನು ಬೇಯಿಸುವ ಡ್ರಮ್ಮಿನ ಬೆಂಕಿಯನ್ನೂ ಆರಿಸಿದೆವು. "ಎಲ್ಲಾ ಆಯ್ತು ಎಫಿ, ನಿನ್ನ ಬಾಯಿಗೇನು ಕಟ್ಟೋಣ?" ಎಂದ ಪುಣ್ಯಾತ್ಮ.

ಲೆನೋರಾ ಶಾಲೆಯ ಹತ್ತಿರದ ತಂಗುದಾಣದಲ್ಲಿ ಹೆಸರು ಬರೆಸಿ, ವಿಶ್ರಾಂತಿಗೂ ನಿಲ್ಲದೆ ಬಂದಳು. ನಾನು ಪರದೆಯ ಸಂದಿಯಲ್ಲಿದ್ದೆ. ನಮ್ಮ ತಿರುವಿನಲ್ಲಿ ಬಂಡಿ ನಿಧಾನವಾಯಿತು. ಎರಡು ನಾಯಿಗಳು ಆಗಲೇ ಅಂಗಳದ ಕಡೆ ಮೂತಿ ತಿರುಗಿಸಿದ್ದವು. ಮುಂದಾಳು ನಾಯಿ ಟ್ಯಾಫಿ ಹಿಂತಿರುಗಿ ಲೆನೋರಾಳನ್ನೇ ನೋಡಿತು. ನಾನು ಉಣ್ಣೆ ಟೋಪಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ ಕಣ್ರೀ. ಅವಳು ಗದರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ನಡೀರಪ್ಪಾ, ನಡೀರಿ" ಎಂದಳು. ಆ ನಿಶ್ಶಬ್ದದಲ್ಲಿ ಒಳಗಿದ್ದ ನನಗೂ ಕೇಳಿಸಿತು. ಟ್ಯಾಫಿ ಮೈ ಕೊಡವಿ ನೇರ ಹೆಪ್ಪುಗಟ್ಟಿದ ನದಿಗೆ ಇಳಿಯಿತು. ಬಂಡಿ ಮರೆಯಾದದ್ದೇ ತಡ, ಊರಿನ ಬಾಗಿಲುಗಳೆಲ್ಲ ತೆರೆದವು, ಆಗಸ್ಟಿನ್ ಹೋಗಿ ಚರ್ಚಿನ ಗಂಟೆ ಬಾರಿಸಿದ. ನಾನಂತೂ ಹಿಮದಲ್ಲಿ ಕುಣಿದೆ, ಬಿದ್ದೆ, ಎದ್ದು ಮತ್ತೆ ಕುಣಿದೆ.

ಊರಿನವರೆಲ್ಲ ನಿಮ್ಮನ್ನು ಕೇಳಿದ್ದಾರೆ. ದೇವರು ನಿಮ್ಮನ್ನು ಬೇಗ ನಡೆಸಿಕೊಂಡು ಬರಲಿ.

ನಿಮ್ಮ
ಎಫಿ

ಮತ್ತೊಂದು ಮಾತು: ಟಪಾಲು ವಿಮಾನ ಇಳಿಯುತ್ತಿದೆ, ಗೀಚುತ್ತಿದ್ದೇನೆ. ಮುಂದಿನ ಊರಿನಿಂದ ಈಗಷ್ಟೇ ಲೆನೋರಾಳ ಫೋನ್ ಬಂತು. ನಗುತ್ತಾಳೆಂದುಕೊಂಡರೆ ಬಿಕ್ಕಿ ಬಿಕ್ಕಿ ಅತ್ತಳು. "ಅಮ್ಮಾ, ನಾಯಿಗಳು ಸುಮ್ಮನೆ ಹೋಗ್ತಿದ್ವು. ಮನೆ ಕಂಡ ಕೂಡಲೇ ನಾನೇ ಬಂಡಿಯ ಬ್ರೇಕ್ ತುಳಿದುಬಿಟ್ಟಿದ್ದೆ. ಅಪ್ಪನಿಗೆ ಹೇಳು" ಎಂದಳು. ಕ್ಲೆಮೆಂಟ್, ನೀವು ಓಡಿದ ವರ್ಷ ಇವಳು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಅಂದು ಈ ತಿರುವಿನಲ್ಲಿ ನಿಮ್ಮ ಕಾಲು ಎಲ್ಲಿತ್ತೆಂದು ನಾನು ಕೇಳುವುದಿಲ್ಲ. ಅವಳು ಕೇಳುತ್ತಾಳೆ, ನಿಜ ಹೇಳಿಬಿಡಿ.